ಟ್ರಾಕ್ಟರಿನ ಹಿಂದೆ ನಿಂತವರು

ನಮ್ಮ ಮನೆಯವರಿಗೆ ಹೊಸ ಸಾಮಾನಿನ ಹುಚ್ಚು. ಇದ್ದ ಟ್ರಾಕ್ಟರು ಮಾತ್ರ ಕುರ್ಡಿಯ ರೈತರೊಬ್ಬರು ದುಡಿಸಿ ದುಡಿಸಿ ಸಾಕಾಗಿ ಮಾರಿದ ಮುದಿ ಗಾಡಿ. ಬೆಳಗ್ಗೆ ಅದನ್ನು ಎಬ್ಬಿಸುವಷ್ಟರಲ್ಲಿ ನನ್ನ ಅರ್ಧದಷ್ಟು ರೊಟ್ಟಿ ಬಡಿದು ಮುಗಿದಿರುತ್ತಿತ್ತು. ಆದರೂ ಮಾನ್ವಿಯ ಕಟ್ಟಿಗೆ ಅಡ್ಡೆಗೆ ಅದರಲ್ಲಿ ದಿಮ್ಮಿ ತಂದು ಹಾಕಿಯೇ ನಮ್ಮ ಸಂಸಾರ ನಡೆಯುತ್ತಿತ್ತು. ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು.

ಅಡ್ಡೆಯಲ್ಲಿ ದಿಮ್ಮಿ ಇಳಿಸುವ ಹಮಾಲರಿಗೆ ನನ್ನ ಸ್ವಂತ ಅಣ್ಣನೇ ಮುಂದಾಳು. ಹೊತ್ತು ಹೊತ್ತು ಅವನ ಬಲ ಭುಜ ಗಂಟುಗಟ್ಟಿತ್ತು. ನನ್ನ ಮದುವೆ ಕುದುರಿಸಿದವನೂ ಅವನೇ. ಅಡ್ಡೆಗೆ ಬರುತ್ತಿದ್ದ ಟ್ರಾಕ್ಟರಿನವರು ಕುಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ ಎಂದು ಅವ್ವನನ್ನು ಒಪ್ಪಿಸಿದ್ದ. ಮೊದಲನೆಯದು ನಿಜವಾಗಿತ್ತು.

ಪೋತ್ನಾಳ ಕಡೆ ಭತ್ತದ ಕೊಯ್ಲು ಬಂದರೆ ಆಳುಗಳು ಅತ್ತ ಹೋಗುತ್ತಿದ್ದರು. ಅಣ್ಣನ ಜೊತೆ ಮೂರ್ನಾಲ್ಕು ಜನ ಉಳಿಯುತ್ತಿದ್ದರು, ಕೆಲಸ ಹಿಂದೆ ಬೀಳುತ್ತಿತ್ತು. ಅಡ್ಡೆಯ ಸಾಹುಕಾರರು ಬೇಸತ್ತು, ಟ್ರಾಕ್ಟರಿನ ಮುಂದೆ ಎತ್ತುವ ಯಂತ್ರ ಹಾಕಿಸಿಕೊಂಡು ಬಾ ಎಂದು ನಮ್ಮವರಿಗೆ ಹೇಳಿದರು. ಅಂದು ಸಂಜೆ ಅಣ್ಣ ಮನೆಗೆ ಬಂದ.

"ಯಂತ್ರ ಹಾಕಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕಬ್ಬಿಣದ ಮುಳ್ಳಿಂದು ಹಾಕಸ್ರಿ. ದಿಮ್ಮಿ ಉಳ್ಳಸಿ ಅದರ ಮ್ಯಾಲೆ ಹಾಕಾಕರ ನಮ್ಮ ಮಂದಿ ಬೇಕಾಗ್ತದ."

"ಆತು ಬಿಡು, ಮುಳ್ಳಿಂದೇ ತರ್ತೀನಿ," ಎಂದರು ನಮ್ಮವರು. ಅಣ್ಣ ನನ್ನ ಕೈಯ ಚಹಾ ಕುಡಿದು ನೆಮ್ಮದಿಯಿಂದ ಹೋದ.

ರಾಯಚೂರಿನ ವೆಲ್ಡಿಂಗ್ ಅಂಗಡಿಗೆ ನಾನೂ ಹೋಗಿದ್ದೆ. ಉಸ್ತಾದರು ಮೂರು ಸಾಮಾನು ತೋರಿಸಿದರು. ಒಂದು ದೊಡ್ಡ ಬಕೀಟು. ಅದು ಮಣ್ಣಿಗೆ ಸರಿ, ದುಂಡನೆಯ ದಿಮ್ಮಿ ಅದರಲ್ಲಿ ನಿಲ್ಲುವುದಿಲ್ಲ. ಇನ್ನೊಂದು ನೆಲಕ್ಕೆ ಚಾಚಿದ ಎರಡು ಉದ್ದನೆಯ ಕಬ್ಬಿಣದ ಮುಳ್ಳು, ಅಣ್ಣ ಹೇಳಿದ್ದು ಅದೇ. ಮೂರನೆಯದು ಇಕ್ಕಳ. ಒಲೆಯ ಮೇಲಿನ ಪಾತ್ರೆ ಹಿಡಿಯುವ ಹಾಗೆ ದಿಮ್ಮಿಯನ್ನು ತಾನೇ ಕಚ್ಚಿ ಎತ್ತುತ್ತದೆ, ಆಳು ಬೇಕಿಲ್ಲ. ನಮ್ಮವರ ಕಣ್ಣು ಅದರ ಮೇಲೇ ನೆಟ್ಟಿತು.

"ಗಾಡಿ ಹಳೀದು ಅದ ಭಾಯಿ," ಎಂದರು ಉಸ್ತಾದರು. "ಇಕ್ಕಳದ್ದೇ ಭಾರ ಬಾಳ. ದಿಮ್ಮಿ ಎತ್ತಿದ್ರ ಹಿಂದಿನ ಗಾಲಿ ಏಳ್ತಾವ. ಹಿಂದ ಕಬ್ಬಿಣದ ತೂಕ ಕಟ್ಟಬೇಕು."

"ಅದನ್ನ ಆಮ್ಯಾಲೆ ನೋಡೋಣು."

ನನಗೆ ತಡೆಯಲಾಗಲಿಲ್ಲ. "ನಮ್ಮ ಅಣ್ಣಗ ಏನಂತ ಹೇಳಿ ಬಂದೀರಿ?" ಎಂದು ಎಲ್ಲರೆದುರೇ ಕೇಳಿದೆ. "ಮನಿಯಾಗ ಮಾತಾಡೋಣು," ಎಂದು ಹಲ್ಲು ಕಚ್ಚಿ ಹೇಳಿದರು. ಇಕ್ಕಳವನ್ನೇ ಹಾಕಿಸಿದರು.

ಹೊಸ ಯಂತ್ರದ ಪೂಜೆಗೆ ಅಣ್ಣ ಬಾರದಿದ್ದರೆ ಸಾಕು ಎಂದುಕೊಂಡಿದ್ದೆ. ಬಂದ. ಇಕ್ಕಳ ನೋಡಿದ. ಒಂದು ಮಾತೂ ಕೇಳದೆ ತಾನೇ ತೆಂಗಿನಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ. ಕೇಳಿದ್ದರೆ ಚೆನ್ನಾಗಿತ್ತು. ನಾನು ಒಳಗೆ ಹೋಗಿ ಬೇಡದ ಪಾತ್ರೆಗಳನ್ನೆಲ್ಲ ತೊಳೆಯುತ್ತಾ ಕುಳಿತೆ.

ಮರುದಿನ ಬುತ್ತಿ ತೆಗೆದುಕೊಂಡು ಅಡ್ಡೆಗೆ ಹೋದಾಗ, ದೇವದುರ್ಗದ ರಸ್ತೆ ಬದಿ ಕಡಿದಿದ್ದ ಹುಣಸೆಯ ದಿಮ್ಮಿಯೊಂದನ್ನು ಇಕ್ಕಳ ಕಚ್ಚಿಕೊಂಡಿತ್ತು. ಎತ್ತುತ್ತಿದ್ದಂತೆಯೇ ಟ್ರಾಕ್ಟರಿನ ಹಿಂದಿನ ಗಾಲಿಗಳು ನೆಲ ಬಿಟ್ಟವು. ನಮ್ಮವರು ಗಾಬರಿಯಾಗಿ ದಿಮ್ಮಿ ಇಳಿಸಿದರು. ಹಿಂದೆ ಕಟ್ಟಲು ತೂಕ ಎಲ್ಲಿತ್ತು? ಅಣ್ಣ ಮತ್ತು ಅವನ ಮಂದಿ ಕರೆದಾರು ಎಂಬ ಆಸೆಯಿಂದ ಬೇವಿನ ಮರದ ನೆರಳಲ್ಲಿ ಕುಳಿತಿದ್ದರು. ಸಾಹುಕಾರರು ಕುರ್ಚಿಯಿಂದಲೇ ಕೂಗಿದರು:

"ಸುಮ್ಮನೆ ಕುಂತೀರೇನು ಲೇ? ಹಿಂದ ಹತ್ತಿ ನಿಂದರ್ರಿ. ಅಷ್ಟು ಭಾರ ಸಾಕು."

ಮೊದಲು ಎದ್ದವನು ಅಣ್ಣ. ನೇಗಿಲು ಸಿಗಿಸುವ ಕಬ್ಬಿಣದ ಮೇಲೆ ಕಾಲಿಟ್ಟು ಹತ್ತಿ ನಿಂತ. ಉಳಿದವರೂ ಹತ್ತಿದರು. ಇಷ್ಟು ವರ್ಷ ಮರ ಹೊತ್ತವರು ಒಬ್ಬರ ಹೆಗಲು ಒಬ್ಬರು ಹಿಡಿದು, ಮಾಡಲು ಏನೂ ಇಲ್ಲದೆ, ಬರಿಯ ಭಾರವಾಗಿ ನಿಂತರು. ಗಾಲಿ ನೆಲಕ್ಕೆ ಕೂತಿತು. ಅಡ್ಡೆಯ ಗರಗಸದ ಕಡೆಗೆ ತಿರುಗಲು ಗಾಡಿ ಮೊದಲು ಹಿಂದಕ್ಕೆ ಸರಿಯಬೇಕಿತ್ತು. ಹಿಂದೆ ಜನ ನಿಂತಿದ್ದರಿಂದ ನಮ್ಮವರಿಗೆ ದಾರಿ ಕಾಣದು.

"ಹಿಂದ ಹೋಗಿ ನೋಡಿ ಹೇಳು," ಎಂದರು ನನಗೆ.

ಬುತ್ತಿ ಕೆಳಗಿಟ್ಟು ಹೋಗಿ ನಿಂತೆ. ಎದುರಿಗೆ ಅಣ್ಣ. ಅವನ ಮುಖ ನೋಡದೆ ಗಾಲಿ ನೋಡುವ ಹಾಗಿರಲಿಲ್ಲ. ನಾಚಿಕೆಯಾಗಿ ಕೆಳಗಿಟ್ಟ ಬುತ್ತಿಯ ಕಡೆ ಕಣ್ಣು ಹೊರಳಿಸಿದೆ. ಗಾಡಿ ಮೆಲ್ಲಗೆ ನನ್ನತ್ತ ಬರುತ್ತಿತ್ತು.

"ಹೇಳವ್ವ," ಎಂದ ಅಣ್ಣ, ತಗ್ಗಿದ ದನಿಯಲ್ಲಿ. "ಇಲ್ಲಾಂದ್ರ ಯಾರರ ಸಿಕ್ಕೊಂತಾರ."

"ಬರ್ರಿ," ಎಂದೆ. "ಬರ್ರಿ, ಬರ್ರಿ. ಸಾಕು."

ಹೊತ್ತು ಮುಳುಗುವವರೆಗೆ ಹೀಗೇ ನಡೆಯಿತು. ಇಳಿಯುವುದು, ಹತ್ತುವುದು, ನಿಲ್ಲುವುದು. ಮಧ್ಯಾಹ್ನ ನಾನು ಕೊಟ್ಟ ರೊಟ್ಟಿಯನ್ನು ಅಣ್ಣ ಬೇಡ ಅನ್ನದೆ ತಿಂದ. ಸಾಹುಕಾರರಿಗೆ ಖುಷಿಯೋ ಖುಷಿ. ಕಬ್ಬಿಣದ ತೂಕಕ್ಕೆ ಯಾಕೆ ಸುಮ್ಮನೆ ಖರ್ಚು, ನಾಳೆಯಿಂದ ಇವರೇ ದಿನಾ ಬಂದು ನಿಲ್ಲಲಿ ಎಂದರು. ಅಣ್ಣ ಆಗಲಿ ಎಂದು ತಲೆಯಾಡಿಸಿದ.

ಮನೆಗೆ ಬರುವ ದಾರಿಯಲ್ಲಿ ನಮ್ಮವರು ದೊಡ್ಡದೊಂದು ಉಪಕಾರ ಮಾಡಿದವರ ಹಾಗೆ ನನ್ನ ಕಡೆ ತಿರುಗಿ ನಕ್ಕರು.

"ಸುಮ್ಮನ ಸಿಟ್ಟಾಗಿದ್ದಿ. ನಿಮ್ಮ ಅಣ್ಣನ ಕೆಲಸ ಎಲ್ಲಿ ಹೋತು? ಉಳೀತಲ್ಲ."