ಮೇಲ್ಮನೆಯ ಸಬ್‌ಮರೀನ್

ಸಿಲಿಕೋನ್ ಗ್ರೀಸಿಗೆ ವಾಸನೆ ಇಲ್ಲ ಎನ್ನುತ್ತಾರೆ. ನನ್ನ ಪಾಲಿಗೆ ಇದೆ. ಕಳೆದ ವಾರ ನಾನು ಕೆಲಸ ಮಾಡುವ ಕಳಮಶ್ಶೇರಿಯ ಲ್ಯಾಬಿನಲ್ಲಿ, ನೀರಿನೊಳಗೆ ಇಳಿಸುವ ಕ್ಯಾಮೆರಾದ ಡಬ್ಬಿ ಮುಚ್ಚುವ ಮೊದಲು, ನೀರು ಸೋರದಂತೆ ತಡೆಯುವ ಕಪ್ಪು ರಬ್ಬರಿನ ಓ-ರಿಂಗಿಗೆ ಗ್ರೀಸು ಸವರುತ್ತಿದ್ದೆ. ಬೆರಳ ತುದಿಗೆ ಆ ಜಾರುವ ತಂಪು ತಾಗಿದ ಕೂಡಲೇ ಇಂಗಿನ ಒಗ್ಗರಣೆ, ಪ್ಲಾಸ್ಟಿಕ್ ಅಂಟಿನ ಘಾಟು, ಮೇಲ್ಮನೆಯ ಊಟದ ಮೇಜು... ಎಲ್ಲ ಒಟ್ಟಿಗೆ ಬಂದವು. ಅಷ್ಟರಲ್ಲಿ ಅಮ್ಮನ ಫೋನು. ಮೇಲ್ಮನೆ ಆಂಟಿ ತೀರಿಕೊಂಡರಂತೆ.

ತಿರುವನಂತಪುರದ ಆ ಕ್ವಾರ್ಟರ್ಸಿನಲ್ಲಿ ನಾವು ಕೆಳಗಿನ ಮನೆಯಲ್ಲಿದ್ದೆವು, ಅವರು ಮೇಲಿನದರಲ್ಲಿ. ಆ ಕಟ್ಟಡದಲ್ಲಿ ಕನ್ನಡ ಮಾತಾಡುತ್ತಿದ್ದುದು ನಮ್ಮ ಎರಡೇ ಮನೆ. ಆಂಟಿಯ ಗಂಡ ನನ್ನ ಅಪ್ಪನಿಗೆ ಆಫೀಸಿನಲ್ಲಿ ಮೇಲಧಿಕಾರಿ. ಹಾಗಾಗಿ ಅವರು ಮೇಲಿನಿಂದ ನನ್ನನ್ನು ಕೂಗಿದರೆ, ಪರೀಕ್ಷೆಗೆ ಓದುತ್ತಿದ್ದರೂ ಅಮ್ಮ ಕಳಿಸುತ್ತಿದ್ದಳು. ನಾನು ಆಗ ಎಂಟನೇ ತರಗತಿ.

ಅಂಕಲ್ ಒಂದು ಪ್ಲಾಸ್ಟಿಕ್ ಸಬ್‌ಮರೀನ್ ಕಿಟ್ ತರಿಸಿದ್ದರು. ಜೋಡಿಸಿ, ಬಣ್ಣ ಹಚ್ಚಿ, ಕಪಾಟಿನಲ್ಲಿಟ್ಟು ನೋಡಲೆಂದು ಮಾಡಿದ ಆಟಿಕೆ ಅದು. ನನ್ನ ತೋಳಿಗಿಂತ ಉದ್ದ. ಅದನ್ನು ನಿಜವಾಗಿ ಮುಳುಗಿ ಏಳುವ, ದಡದಲ್ಲಿ ನಿಂತು ರೇಡಿಯೋದಿಂದ ನಡೆಸುವ ದೋಣಿಯಾಗಿ ಮಾಡುವುದು ಅವರ ಹಟ. ಹೊರಗಿನ ಪ್ಲಾಸ್ಟಿಕ್ ಮೈಯೊಳಗೆ ನೀರು ನುಗ್ಗಿದರೂ ಚಿಂತೆಯಿರಲಿಲ್ಲ. ಒಳಗೊಂದು ಪಾರದರ್ಶಕ ಕೊಳವೆ; ಮೋಟಾರು, ಬ್ಯಾಟರಿ, ರೇಡಿಯೋದ ಮಾತು ಕೇಳುವ ಪೆಟ್ಟಿಗೆ ಎಲ್ಲ ಅದರಲ್ಲಿ. ಜೊತೆಗೆ ಇಂಜೆಕ್ಷನ್ ಸಿರಿಂಜಿನ ಹಾಗೆ ನೀರು ಎಳೆದು ಉಗುಳುವ ಒಂದು ಟ್ಯಾಂಕು. ನೀರು ಎಳೆದರೆ ದೋಣಿ ಮುಳುಗುತ್ತದೆ, ಉಗುಳಿದರೆ ಏಳುತ್ತದೆ. ಕೊಳವೆಯ ಮುಚ್ಚಳದ ಓ-ರಿಂಗು ತಿರುಚಿಕೊಳ್ಳದಂತೆ, ಒಂದು ಕೂದಲೂ ಸಿಕ್ಕಿಕೊಳ್ಳದಂತೆ ಕೂರಿಸುವುದು ನನ್ನ ಕೆಲಸ. ನನ್ನ ಬೆರಳು ಸಣ್ಣವು. ಸೋರಿದರೆ ಗೊತ್ತಾಗಲೆಂದು ಕೊಳವೆಯೊಳಗೆ ಒಂದು ಟಿಶ್ಯೂ ಕಾಗದ ಮಡಚಿ ಇಡುತ್ತಿದ್ದೆ. ಆಂಟಿ ಕುಡಿಯುವ ನೀರು ತುಂಬಿಟ್ಟ ಡ್ರಮ್ಮಿನಲ್ಲೇ ಅಂಕಲ್ ಅದನ್ನು ಮುಳುಗಿಸಿ ನೋಡುತ್ತಿದ್ದರು. ಆಂಟಿ ಮತ್ತೆ ಡ್ರಮ್ಮು ತೊಳೆದು ನೀರು ತುಂಬುತ್ತಿದ್ದರು. ಆಮೇಲೆ ಕಡಲೆಹಿಟ್ಟಿನಲ್ಲಿ ನನ್ನ ಬೆರಳುಗಳ ಗ್ರೀಸು ತಿಕ್ಕಿ ತೆಗೆದು, ಕೈಯಲ್ಲಿ ಕೋಡುಬಳೆ ಇಡುತ್ತಿದ್ದರು. ಅದಕ್ಕಾಗಿಯೇ ಹೋಗುತ್ತಿದ್ದೆ ಅಂತ ಈಗ ಅನ್ನಿಸುತ್ತದೆ.

ಈಗಿನ ಹೊಸ ರೇಡಿಯೋಗಳ ಸಿಗ್ನಲ್ ನೀರಿನೊಳಗೆ ಇಳಿಯುವುದಿಲ್ಲ. ಅದಕ್ಕೆ ಕೈಯಲ್ಲಿ ಹಿಡಿದು ಉದ್ದ ಆಂಟೆನಾ ಎಳೆಯುವ ಹಳೆಯ ಸೆಟ್ಟೇ ಬೇಕು. ಅಂಕಲ್ ಅಂಥವು ಎರಡು ಹುಡುಕಿ ತರಿಸಿದ್ದರು; ಒಂದು ಕೆಟ್ಟರೆ ಬಿಡಿಭಾಗಕ್ಕೆ ಇನ್ನೊಂದು. ಎರಡೂ ಒಂದೇ ಚಾನೆಲ್ಲಿನವು.

“ಇದನ್ನ ಧೂಳು ಒರೆಸೋಕೂ ಮುಟ್ಟಬೇಡ, ತಿಳೀತಾ?” ಎಂದು ಅವರು ಆಂಟಿಗೆ ಹೇಳುತ್ತಿದ್ದರು. “ಒಂದು ಆನ್ ಇದ್ದಾಗ ಇನ್ನೊಂದು ಆನ್ ಮಾಡಿದ್ರೆ ದೋಣಿ ಯಾರ ಮಾತೂ ಕೇಳಲ್ಲ. ಹೋಗಿ ತಳದಲ್ಲಿ ಕೂತ್ಕೊಳ್ಳತ್ತೆ. ಏನಂದೆ, ಹೇಳು ನೋಡೋಣ?”

ಆಂಟಿ ನನ್ನೆದುರಿಗೇ ಪಾಠ ಒಪ್ಪಿಸುತ್ತಿದ್ದರು. “ಒಂದು ಆನ್ ಇದ್ದಾಗ ಇನ್ನೊಂದು ಆನ್ ಮಾಡಬಾರ್ದು.”

“ಭೇಷ್! ನಾಳೆ ಬೆಳಿಗ್ಗೆವರೆಗೆ ನೆನಪಿದ್ರೆ ಪ್ರೈಜ಼್ ಕೊಡ್ತೀನಿ.”

ದೋಣಿ ನೆಟ್ಟಗೆ ನಿಲ್ಲಲೆಂದು ತಳದಲ್ಲಿ ಸೀಸದ ತುಂಡುಗಳನ್ನು ಇಡುತ್ತಾರೆ. ಅದಕ್ಕೆ ಬ್ಯಾಲಸ್ಟ್ ಎಂದು ಹೆಸರು. ನೆಂಟರು, ಸಹೋದ್ಯೋಗಿಗಳು ಬಂದಾಗ ಆಂಟಿ ಕಾಫಿ ಹಿಡಿದು ಬಂದರೆ ಅಂಕಲ್ “ಬಂತು ನೋಡಿ, ನಮ್ಮನೆ ಬ್ಯಾಲಸ್ಟ್” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನನ್ನ ಅಪ್ಪನೂ. ಆಂಟಿ ಸಕ್ಕರೆ ಎಷ್ಟು ಎಂದು ಕೇಳುತ್ತಿದ್ದರು.

ಹಾಸನದಲ್ಲಿದ್ದ ಆಂಟಿಯ ತಾಯಿಗೆ ಆ ವರ್ಷ ಮರೆವಿನ ಕಾಯಿಲೆ ಹೆಚ್ಚಾಗಿತ್ತು. ಆಂಟಿಯ ತಮ್ಮ ಪದೇಪದೇ ಫೋನ್ ಮಾಡುತ್ತಿದ್ದ. ಅಮ್ಮನಿಗೆ ಇನ್ನೂ ಒಬ್ಬಿಬ್ಬರ ಗುರುತು ಉಳಿದಿದೆ, ನಿನ್ನ ಹೆಸರು ಹೇಳುತ್ತಾಳೆ, ಈಗಲೇ ಬಂದು ಹೋಗು ಎಂದು. ಅಂಕಲ್ ಪ್ರತಿ ಸಲವೂ ಹೇಳಿದ್ದು ಒಂದೇ: “ಟ್ರಯಲ್ ಒಂದು ಮುಗೀಲಿ.” ದೋಣಿಯನ್ನು ನೀರಿಗಿಳಿಸಿ ತೋರಿಸುವ ಆ ಟ್ರಯಲ್ಲಿಗೆ ಆಫೀಸಿನವರು ಬರುತ್ತಾರೆ, ಅವರಿಗೆ ಅಡುಗೆ ಯಾರು ಮಾಡಬೇಕು? ಒಮ್ಮೆ ಮೋಟಾರಿನ ಕಡ್ಡಿಯ ಬಳಿ ಸೋರಿತು, ಟ್ರಯಲ್ ಮುಂದೆ ಹೋಯಿತು. ಆಮೇಲೆ ಮಳೆ. ಆಮೇಲೆ ಡೈರೆಕ್ಟರು ಊರಲ್ಲಿಲ್ಲ. ಪ್ಯಾಕ್ ಮಾಡಿದ ಸೂಟ್‌ಕೇಸು ಬಾಗಿಲ ಹಿಂದೆ ನಿಂತೇ ಇತ್ತು. ಅದರ ಮೇಲೆ ಅಂಕಲ್ ಬಣ್ಣದ ಡಬ್ಬಿಗಳನ್ನು ಜೋಡಿಸತೊಡಗಿದ್ದರು.

ಒಂದು ಸಂಜೆ ನಾನು ಅಲ್ಲಿದ್ದಾಗಲೇ ವೀಡಿಯೋ ಕಾಲ್ ಬಂತು. ಆಂಟಿ ಕೈ ಒರೆಸಿಕೊಂಡು ಫೋನ್ ಹಿಡಿದರು. ತೆರೆಯಲ್ಲಿ ಬೆಳ್ಳಗಿನ ಕೂದಲು, ಸಣ್ಣ ಮುಖ. “ಅಮ್ಮಾ” ಎಂದರು ಆಂಟಿ. ಆ ಮುಖ ತುಂಬ ಹೊತ್ತು ನೋಡಿತು. ಆಮೇಲೆ ಮರ್ಯಾದೆಯಿಂದ, ಬಾಗಿಲಿಗೆ ಬಂದ ಅಪರಿಚಿತರನ್ನು ಕೇಳುವ ಹಾಗೆ, “ಯಾರಮ್ಮಾ ನೀನು?” ಎಂದಿತು.

ಅಂಕಲ್ ಮರಳು ಕಾಗದದಿಂದ ದೋಣಿಯ ಮೂತಿ ಉಜ್ಜುತ್ತಿದ್ದರು. ತಲೆ ಎತ್ತಲಿಲ್ಲ. “ನೋಡ್ದ್ಯಾ? ಇನ್ನು ಅವಸರ ಏನೂ ಇಲ್ಲ. ಇವತ್ತು ಹೋದರೂ ಅಷ್ಟೇ, ಮುಂದಿನ ವರ್ಷ ಹೋದರೂ ಅಷ್ಟೇ.”

ಆಂಟಿ ಒಳಗೆ ಹೋಗಿ ಹಾಲಿನ ಉರಿ ಸಣ್ಣ ಮಾಡಿದರು...

ಟ್ರಯಲ್ಲಿನ ಹಿಂದಿನ ದಿನ ಆಂಟಿ ನನ್ನನ್ನು ಅಂಗಡಿಗೆ ಕಳಿಸಿ ಎಂಟು ಸೆಲ್ ತರಿಸಿದರು. ಗೋಡೆ ಗಡಿಯಾರ ನಿಂತಿದೆ ಎಂದರು. ಒಂದು ಗಡಿಯಾರಕ್ಕೆ ಅಷ್ಟೊಂದು ಸೆಲ್ ಯಾಕೆ ಎಂದು ನಾನು ಕೇಳಲಿಲ್ಲ.

ಕ್ವಾರ್ಟರ್ಸಿನ ಹಿಂದೆ ಕಲ್ಲಿನ ಮೆಟ್ಟಿಲುಗಳ ಹಳೆಯ ಕೊಳವಿತ್ತು. ಭಾನುವಾರ ಬೆಳಿಗ್ಗೆ ಆಫೀಸಿನವರೆಲ್ಲ ಸಂಸಾರ ಸಮೇತ ಬಂದರು. ನಾನು ಓ-ರಿಂಗು ಕೂರಿಸಿದೆ, ಅಂಕಲ್ ಭೂತಗನ್ನಡಿಯಲ್ಲಿ ನೋಡಿ ತಲೆಯಾಡಿಸಿದರು. ದೋಣಿ ಮೊದಲು ಮೇಲೆಯೇ ಒಂದು ಸುತ್ತು ಬಂತು. ಆಮೇಲೆ ಮೆಲ್ಲಗೆ ಮುಳುಗಿ, ಆಚೆ ದಡದ ಹತ್ತಿರ ಎದ್ದಿತು. ಮಕ್ಕಳು ಕೂಗಿದರು. ಡೈರೆಕ್ಟರು ಅಂಕಲ್ಲಿನ ಬೆನ್ನು ತಟ್ಟಿದರು. ಅಂಕಲ್ಲಿನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಎರಡನೇ ಸಲ ಮುಳುಗಿಸಿದರು. ಬಾಲದ ರೆಕ್ಕೆ ಗಾಳಕ್ಕೆ ಸಿಕ್ಕ ಮೀನಿನಂತೆ ಎಡಕ್ಕೂ ಬಲಕ್ಕೂ ಒದ್ದಾಡಿದ್ದು ಒಂದು ಕ್ಷಣ ಕಂಡಿತು. ಮತ್ತೆ ನೀರು ಸಮನಾಯಿತು.

ಅಂಕಲ್ ಆಂಟೆನಾ ಎತ್ತಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಬೂಟು ನೆನೆಯಿತು, ಪ್ಯಾಂಟು ನೆನೆಯಿತು. ಕೊನೆಗೆ ಯಾರೋ ಮೆಲ್ಲಗೆ “ಪೋಯಿ, ಸಾರೇ” ಎಂದರು. ಹೋಯಿತು ಎಂದು.

ಅವರು ಕೈಯಲ್ಲಿದ್ದ ಸೆಟ್ಟನ್ನು ಆರಿಸಿ, ತಿರುಗಿ ನನ್ನತ್ತ ಬೆರಳು ತೋರಿಸಿದರು. “ಓ-ರಿಂಗ್ ಹಾಕಿದ್ದು ಇವಳು! ಇಂಜಿನಿಯರಮ್ಮ! ಒಳಗೆ ನೀರು ಹೋಗಿದೆ, ಇನ್ನೇನು?” ಅಪ್ಪ ನನ್ನ ಪಕ್ಕದಲ್ಲೇ ಇದ್ದರು. “ಸಾರಿ ಸರ್” ಎಂದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಅಮ್ಮ ನನ್ನನ್ನು ಅಲ್ಲಿಂದ ತಪ್ಪಿಸಲು ಆಂಟಿಯ ಹತ್ತಿರ ಚಮಚ ತರಲು ಕಳಿಸಿದಳು. ಆಂಟಿ ಮೇಲಿನ ಮೆಟ್ಟಿಲಲ್ಲಿ, ಮೊಸರನ್ನದ ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟು ಕೂತಿದ್ದರು. ಒಂದು ಕೈ ಚೀಲದೊಳಗಿತ್ತು. ಬಗ್ಗಿ ನೋಡಿದೆ. ಟವೆಲ್ಲಿನ ಕೆಳಗೆ ಎರಡನೇ ಸೆಟ್ಟು, ಅದರ ಕೆಂಪು ದೀಪ. ಆಂಟಿ ನನ್ನ ಮುಖ ನೋಡುತ್ತಲೇ ಹೆಬ್ಬೆರಳಿನಿಂದ ಅದನ್ನು ಆರಿಸಿದರು. “ಚಮಚ ಆ ಕಡೆ ಇದೆ ಪುಟ್ಟಿ” ಎಂದರು.

ನಾನು ಯಾರಿಗೂ ಹೇಳಲಿಲ್ಲ. ಆ ವೀಡಿಯೋ ಕಾಲ್ ನೋಡಿದ್ದವಳು ನಾನೊಬ್ಬಳೇ. ಶಾಲೆಯ ಬಸ್ಸಿನಲ್ಲಿ ಮಕ್ಕಳು ನನಗೆ ಮಲಯಾಳದಲ್ಲಿ “ಓಟ್ಟ” ಎಂದು ಹೆಸರಿಟ್ಟರು. ತೂತು ಎಂದು ಅರ್ಥ. ಅದನ್ನೂ ಸಹಿಸಿದೆ. ದೊಡ್ಡವರ ಗುಟ್ಟನ್ನು ಹೊರುವುದರಲ್ಲಿ ನನಗೆ ಒಂದು ಬಗೆಯ ಹೆಮ್ಮೆಯಿತ್ತು. ಆಂಟಿ ಹಾಸನಕ್ಕೆ ಹೋಗಿ ಬಂದರು. “ಅಮ್ಮ ನನ್ನನ್ನ ಕೆಲಸದವಳು ಅಂದ್ಕೊಂಡ್ರು” ಎಂದಷ್ಟೇ ಹೇಳಿದರು.

ಬೇಸಿಗೆಯಲ್ಲಿ ಕೊಳದ ನೀರು ಇಳಿಯಿತು. ಒಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ಆಂಟಿ ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ನಲ್ಲಿಯ ಹತ್ತಿರ ಕೂತಿದ್ದರು. ಎದುರಿಗೆ ಕೆಸರು ಮೆತ್ತಿದ ಸಬ್‌ಮರೀನ್. ವಾಚ್‌ಮನ್ ತಂದುಕೊಟ್ಟಿರಬೇಕು. ಒಳಗಿನ ಕೊಳವೆಯನ್ನು ಹೊರತೆಗೆದು ಅವರು ಮುಚ್ಚಳ ತಿರುಗಿಸಿದರು. ನಾನಿಟ್ಟ ಟಿಶ್ಯೂ ಕಾಣಿಸಿತು. ಬೆಳ್ಳಗೆ, ಗರಿಗರಿಯಾಗಿ, ಒಣಗಿತ್ತು. ಒಂದು ಹನಿಯೂ ಒಳಗೆ ಹೋಗಿರಲಿಲ್ಲ.

ಓಡಿಹೋಗಿ ಅಪ್ಪನಿಗೆ ತೋರಿಸಬೇಕು ಅನ್ನಿಸಿತು. ಅಷ್ಟರಲ್ಲಿ ಆಂಟಿ ನಲ್ಲಿ ತಿರುಗಿಸಿ ಕೊಳವೆಯನ್ನು ಅದರ ಕೆಳಗೆ ಹಿಡಿದರು. ಟಿಶ್ಯೂ ಕರಗಿ ಕುಗ್ಗಿತು. ಓ-ರಿಂಗನ್ನು ಉಗುರಿನಿಂದ ಎತ್ತಿ, ಸ್ವಲ್ಪ ತಿರುಚಿ, ಮತ್ತೆ ಮುಚ್ಚಳ ಬಿಗಿದರು. ಒಳಗೆ ಒಣಗಿದ್ದನ್ನು ಕಂಡಿದ್ದರೆ ಅಂಕಲ್ ಸರಿಯಾದ ಪ್ರಶ್ನೆ ಕೇಳುತ್ತಿದ್ದರು, ಎರಡನೇ ಸೆಟ್ಟಿನ ತನಕ ಬರುತ್ತಿದ್ದರು. ಅದು ನನಗೆ ಅಲ್ಲೇ ನಿಂತಲ್ಲೇ ಅರ್ಥವಾಯಿತು. ಆಂಟಿ ನನ್ನನ್ನು ನೋಡಿದರು. ಏನನ್ನೂ ಮುಚ್ಚಿಡಲಿಲ್ಲ. “ಬೇಗ ಬಿಟ್ರಾ ಸ್ಕೂಲು?” ಎಂದರು.

ಸಂಜೆ ಅಂಕಲ್ ಕೊಳವೆಯನ್ನು ನಮ್ಮ ಮನೆಗೇ ತಂದು, ಅಪ್ಪನ ಎದುರು ಬಗ್ಗಿಸಿ, ನಮ್ಮ ನೆಲದ ಮೇಲೆ ನೀರು ಚೆಲ್ಲಿ ತೋರಿಸಿದರು. ನೆಲ ಒರೆಸಿದ್ದು ನಾನು. ಆಮೇಲೆ ಕೋಡುಬಳೆಗೂ ಮೇಲೆ ಹೋಗಲಿಲ್ಲ.

ನಿವೃತ್ತಿಯಾದ ಮೇಲೆ ಅವರು ಕಳಮಶ್ಶೇರಿಗೆ ಹತ್ತಿರದ ಕಾಕ್ಕನಾಡಿನ ಫ್ಲ್ಯಾಟಿಗೆ ಬಂದರು. ನಾನೂ ಅಲ್ಲೇ ಹತ್ತಿರ ಇರುವುದು. ತಾಯಿಯ ಕಾಯಿಲೆಯೇ ಆಂಟಿಗೂ ಬಂದಿದೆ ಎಂದು ಅಮ್ಮ ಹೇಳಿದಾಗ ಹೋದ ವರ್ಷ ನೋಡಲು ಹೋದೆ. ಹೇಗಿದ್ದಾರೆಂದು ನೋಡಲು ಎಂದುಕೊಂಡೇ ಹೊರಟಿದ್ದೆ. ನಿಜವಾಗಿ ಬೇಕಾಗಿದ್ದು ಅವರ ಬಾಯಿಂದ ಒಂದು ಮಾತು. ಅದು ನಿನ್ನ ತಪ್ಪಲ್ಲ ಪುಟ್ಟಿ ಎಂದು, ಒಂದೇ ಸಲ.

ಆಂಟಿ ಸೋಫಾದ ಮೇಲೆ ಒಂದೇ ಟವೆಲ್ಲನ್ನು ಮಡಚಿ, ಬಿಡಿಸಿ, ಮತ್ತೆ ಮಡಚುತ್ತಿದ್ದರು. ನನ್ನನ್ನು ತುಂಬ ಹೊತ್ತು ನೋಡಿ, ಮರ್ಯಾದೆಯಿಂದ ಕೇಳಿದರು. “ಯಾರಮ್ಮಾ ನೀನು?”

“ನನ್ನ ಸಬ್‌ಮರೀನ್ ಮುಳುಗಿಸಿದವಳು ಕಣೇ ಇವಳು” ಎಂದು ಅಂಕಲ್ ನಕ್ಕರು.

“ನಾನು ಹಾಕಿದ ರಿಂಗ್ ಸೋರಿರಲಿಲ್ಲ ಅಂಕಲ್” ಎಂದೆ. ಹೇಳಬೇಕೆಂದು ಯೋಚಿಸಿರಲಿಲ್ಲ.

“ಹೌದಾ? ಮತ್ತೆ ಒಳಗೆ ನೀರು ಹೇಗೆ ಬಂತು ಇಂಜಿನಿಯರಮ್ಮ?”

“ಯಾರೋ ಸುರಿದಿರಬೇಕು.”

ಅವರು ಇನ್ನೂ ಜೋರಾಗಿ ನಕ್ಕರು. “ಯಾರು, ಇವಳಾ? ಉಪ್ಪಿನಕಾಯಿ ಬಾಟಲಿ ಮುಚ್ಚಳ ತೆಗೆಯೋಕೂ ನನ್ನನ್ನೇ ಕರೀತಿದ್ಲು!” ಆಂಟಿಯೂ ಅವರ ಜೊತೆ ನಕ್ಕರು. ಏನೂ ತಿಳಿಯದೆ ನಕ್ಕರೋ... ನನಗೆ ಗೊತ್ತಿಲ್ಲ.

ಅಮ್ಮನ ಫೋನು ಇಟ್ಟ ಮೇಲೆ ಕ್ಯಾಮೆರಾದ ಡಬ್ಬಿಯನ್ನು ಪೂರ್ತಿ ಮಾಡಿದೆ. ರಿಂಗಿನ ಸುತ್ತ ಉಗುರು ಆಡಿಸಿದೆ, ಒಳಗೆ ಟಿಶ್ಯೂ ಮಡಚಿಟ್ಟೆ, ಮುಚ್ಚಳ ಬಿಗಿದು ಟ್ಯಾಂಕಿಗೆ ಇಳಿಸಿದೆ. ತೆಗೆದಾಗ ಟಿಶ್ಯೂ ಒಣಗಿತ್ತು. ಆ ದಿನವೂ ಹೀಗೇ ಒಣಗಿತ್ತು. ಅದನ್ನು ಕಂಡಿದ್ದ ಇನ್ನೊಬ್ಬರು ಈಗ ಇಲ್ಲ.