ಬೋರ್ಡಿನಿಂದ ಆಚೆ

ಗಡಿ ಕ್ಷೇತ್ರದ ಇತಿಹಾಸ ಬರೆದುಕೊಡಿ ಎಂದು ಮುಕುಂದ್ ಫೋನ್ ಮಾಡಿದಾಗ ಮೋನಪ್ಪನವರು ಗ್ಯಾರೇಜಿನಲ್ಲಿ ಕನ್ನಡಕ ಹುಡುಕುತ್ತಿದ್ದರು. ಕನ್ನಡಕ ಹಣೆಯ ಮೇಲೆಯೇ ಇತ್ತು. ಮುಂದಿನ ಮೂರು ವಾರಗಳ ಮಟ್ಟಿಗೆ ಇದೊಂದು ಶಕುನವೆಂದು ಅವರಿಗೆ ಆಗ ಹೊಳೆಯಲಿಲ್ಲ.

"ಅಂಕಲ್, ಟೂ ಪೇಜಸ್ ಸಾಕು. ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ. ಅವತ್ತೇ ನಿಮ್ಗೆ ಸನ್ಮಾನ. ಶಾಲು ಹೊದಿಸೋದು ಅಯೂಬ್ ಅಂಕಲ್, ಆಲ್ರೆಡಿ ಕನ್ಫರ್ಮ್ ಮಾಡಿದೀನಿ."

ಮುಕುಂದ್ ಅಮೆರಿಕದ ರಾರಿಟನ್ ಕನ್ನಡ ಬಳಗದ ಕಾರ್ಯದರ್ಶಿ. ಪಾರ್ಸಿಪನಿಯ ಕಂಪನಿಯೊಂದು ೨೦೦೯ರ ಫೆಬ್ರವರಿಯಲ್ಲಿ ಅವನನ್ನು ಮನೆಗೆ ಕಳಿಸಿದ ಮೇಲೆ ಬಳಗದ ಕೆಲಸ ಹಿಂದೆಂದೂ ಕಾಣದ ಚುರುಕಿನಿಂದ ನಡೆಯುತ್ತಿತ್ತು. ಮೊದಲು ವರ್ಷಕ್ಕೊಂದು ಸಂಚಿಕೆ ತರುವುದೇ ಕಷ್ಟವಾಗಿದ್ದ ಬಳಗಕ್ಕೆ ಈಗ ಇತಿಹಾಸ ಬೇರೆ ಬೇಕಾಗಿತ್ತು.

ಇತಿಹಾಸವೇನೋ ಇತ್ತು. ೧೯೮೬ರಲ್ಲಿ ಬಳಗ ಹುಟ್ಟಿದಾಗ ಹಿರಿಯರು ಸೇರಿ, ನಮ್ಮದೂ ಪ್ರಜಾಪ್ರಭುತ್ವ ಎಂದು ತೋರಿಸಲು ಸುತ್ತಲಿನ ಊರುಗಳನ್ನು ನಾಲ್ಕು ಕ್ಷೇತ್ರಗಳಾಗಿ ಹಂಚಿದರು. ಮೂರರಲ್ಲಿ ಜನರಿದ್ದರು. ನಾಲ್ಕನೆಯದು ಗಡಿ ಕ್ಷೇತ್ರ. ಅದರಲ್ಲಿ ಮುಖ್ಯವಾಗಿ ಜೋಳದ ಹೊಲವಿತ್ತು. ಆ ಹೊಲಕ್ಕೆ ಅಂಟಿಕೊಂಡಂತೆ ರೂಟ್ ಒನ್ ಹೆದ್ದಾರಿಯ ಬದಿಯಲ್ಲಿ ಹದಿನೆಂಟು ಕೋಣೆಗಳ ಮೋಟೆಲ್ ನಡೆಸುತ್ತಿದ್ದವರು ಬೆಳ್ತಂಗಡಿ ಕಡೆಯ ಮೋನಪ್ಪನವರು. ರಿಸೆಪ್ಷನ್ ಹಿಂದಿನ ಎರಡು ಕೋಣೆಗಳಲ್ಲಿ ಅವರ ಸಂಸಾರ. ಬೇರೆ ಯಾರೂ ಸಿಗದೆ ಅವರೇ ಪ್ರತಿನಿಧಿಯಾದರು, ಮತ್ತೂ ಯಾರೂ ಸಿಗದೆ ಮುಂದುವರಿದರು.

ಪ್ರತಿನಿಧಿಯ ಕೆಲಸ ಸುಲಭದ್ದೇನಲ್ಲ. ವಿಮಾನ ನಿಲ್ದಾಣದಿಂದ ಎರಡು ಸೂಟ್‌ಕೇಸು, ಒಂದು ಪ್ರೆಶರ್ ಕುಕ್ಕರ್ ಹಿಡಿದು ಬಂದವರಿಗೆ ಅಪಾರ್ಟ್‌ಮೆಂಟ್ ಸಿಗುವ ತನಕ ಮೋಟೆಲಿನಲ್ಲಿ ಜಾಗ ಕೊಡಬೇಕು. ಸ್ನೋ ಬಿದ್ದ ದಿನ ಕಾರಿನ ಗಾಜಿಗೆ ಬಿಸಿನೀರು ಹೊಯ್ಯಬೇಡಿ ಎಂದು ಓಡಿಹೋಗಿ ಹೇಳಬೇಕು. ಇದಕ್ಕೆಲ್ಲ ಇದ್ದ ಒಂದೇ ಒಂದು ಅಧಿಕಾರ ಚಿಹ್ನೆ ಬಳಗದ ಇಡ್ಲಿ ಪಾತ್ರೆ. ಒಮ್ಮೆಗೆ ತೊಂಬತ್ತಾರು ಇಡ್ಲಿ ಬೇಯುವ ಆ ಮಹಾಪಾತ್ರೆ ಗಡಿ ಪ್ರತಿನಿಧಿಯ ಮನೆಯಲ್ಲಿರಬೇಕೆಂದು ಬೈಲಾ ಹೇಳುತ್ತಿತ್ತು. ಪಾತ್ರೆ ಇದ್ದ ಮನೆಯವರೇ ಇಡ್ಲಿ ಮಾಡಬೇಕೆಂದು ಬೈಲಾ ಹೇಳದಿದ್ದರೂ ಎಲ್ಲರೂ ಹೇಳುತ್ತಿದ್ದರು.

ಆಮೇಲೆ ಜೋಳದ ಹೊಲದಲ್ಲಿ ಅಪಾರ್ಟ್‌ಮೆಂಟುಗಳೆದ್ದವು. ಪ್ಲೇನ್ಸ್‌ಬರೋ, ಕೆಂಡಲ್ ಪಾರ್ಕ್ ತುಂಬ ನಮ್ಮವರೇ ಆಗಿ ಗಡಿಯೆಂಬುದು ಊರ ಮಧ್ಯಕ್ಕೆ ಬಂತು. ೨೦೦೮ರ ಬೇಸಿಗೆಯಲ್ಲಿ ಬಳಗ ಕ್ಷೇತ್ರಗಳನ್ನು ಮರುವಿಂಗಡಿಸಿ ಗಡಿ ಕ್ಷೇತ್ರವನ್ನು ರದ್ದು ಮಾಡಿತು. ರದ್ದಾದ ಮೂರೇ ತಿಂಗಳಿಗೆ ಷೇರುಪೇಟೆ ಕುಸಿದು, ಜನ ಕೆಲಸ ಕಳೆದುಕೊಂಡು, ಅದೇ ಅಪಾರ್ಟ್‌ಮೆಂಟುಗಳು ಖಾಲಿಯಾಗತೊಡಗಿದವು. ಇತಿಹಾಸಕ್ಕೆಂದು ಮೋನಪ್ಪನವರು ಹಳೆಯ ಪಟ್ಟಿ ಹಿಡಿದು ಹದಿನಾಲ್ಕು ಮನೆಗೆ ಫೋನ್ ಮಾಡಿದರೆ ಆರು ನಂಬರು ಚಾಲ್ತಿಯಲ್ಲೇ ಇರಲಿಲ್ಲ. ಏಳನೆಯದನ್ನು ಎತ್ತಿದವರು, "ಅಂಕಲ್, ಈಗ ನಾವು ತುಮಕೂರಲ್ಲಿದೀವಿ, ನಂಬರ್ ಮಾತ್ರ ಅಮೆರಿಕದ್ದು" ಎಂದರು. ಕ್ಷೇತ್ರ ರದ್ದಾದದ್ದು ಜನ ಹೆಚ್ಚಾಗಿ ಎಂದು ಬರೆಯುವುದೋ, ರದ್ದಾದ ಮೇಲೆ ಜನ ಹೋದರು ಎಂದು ಬರೆಯುವುದೋ ತಿಳಿಯದೆ ಅವರು ಎರಡನ್ನೂ ಬರೆದು ಎರಡನ್ನೂ ಹೊಡೆದು ಹಾಕಿದರು.

ಅಷ್ಟರಲ್ಲಿ ಮುಕುಂದ್ ಹಳೆಯ ಬೈಲಾದ ಜೆರಾಕ್ಸ್ ಕಳಿಸಿದ. ಮೊದಲ ಅಧ್ಯಕ್ಷರಾಗಿದ್ದ ಮೈಸೂರಿನ ಮಹನೀಯರೊಬ್ಬರ ಗುಂಡನೆಯ ಕೈಬರಹ:

"ಗಡಿ ಕ್ಷೇತ್ರ ಎಂದರೆ ರೂಟ್ ಒನ್‌ನಲ್ಲಿ ದಕ್ಷಿಣಕ್ಕೆ, ಮೋನಪ್ಪನವರ ಮೋಟೆಲ್ ಬೋರ್ಡಿನಿಂದ ಆಚೆ. ಅಭ್ಯರ್ಥಿ ಎಲ್ಲಿಯವರಾದರೂ ಆಗಬಹುದು. ಮತ ಮಾತ್ರ ಕ್ಷೇತ್ರದಲ್ಲಿ ವಾಸಿಸುವವರದ್ದೇ."

ಮೋನಪ್ಪನವರು ಎರಡು ಸಲ ಓದಿದರು. ಮೂರನೆಯ ಸಲ ಓದುವಾಗ ಬೆರಳು 'ಆಚೆ'ಯ ಮೇಲೆ ನಿಂತಿತು. ಬೋರ್ಡು ಇದ್ದದ್ದು ಮೋಟೆಲಿನ ದಕ್ಷಿಣದ ತುದಿಯಲ್ಲಿ. ಬೋರ್ಡಿನ ಆಚೆ ಹೊಲ. ಬೋರ್ಡಿನ ಈಚೆ ಮೋಟೆಲು, ಮೋಟೆಲಿನೊಳಗೆ ಅವರು. ಇಪ್ಪತ್ತೆರಡು ವರ್ಷ ಆಳಿದ ಕ್ಷೇತ್ರದೊಳಗೆ ಅವರು ಒಂದು ದಿನವೂ ಮಲಗಿರಲಿಲ್ಲ!

ಅವಿರೋಧ ಆಯ್ಕೆಗಳಿಗೆ ತೊಂದರೆಯಿಲ್ಲ. ಆದರೆ ೧೯೯೪ರಲ್ಲಿ ಒಮ್ಮೆ, ಒಂದೇ ಒಂದು ಸಲ, ನಿಜವಾದ ಚುನಾವಣೆ ನಡೆದಿತ್ತು. ಎದುರಾಳಿ ಅಯೂಬ್, ಬೋರ್ಡಿನ ಆಚೆ, ಕೆಂಡಲ್ ಪಾರ್ಕ್‌ನಲ್ಲಿ ಮನೆ ಮಾಡಿ ಔಷಧದಂಗಡಿ ಇಟ್ಟಿದ್ದ ಮೈಸೂರಿನವರು. ಒಟ್ಟು ಒಂಬತ್ತು ಮತದಾರರು. ಇಡ್ಲಿ ಪಾತ್ರೆಯೇ ಮತಪೆಟ್ಟಿಗೆ. ಮೋನಪ್ಪನವರಿಗೆ ಐದು, ಅಯೂಬರಿಗೆ ನಾಲ್ಕು. ಸೋತ ಅಯೂಬ್ ಎರಡು ವರ್ಷ ಬಳಗದ ಕಡೆ ತಲೆ ಹಾಕಲಿಲ್ಲ. ಮೋನಪ್ಪನವರು ಹಬ್ಬಕ್ಕೆ ಕರೆಯಲು ಹೋದಾಗ ಕೌಂಟರಿನ ಹಿಂದಿನಿಂದಲೇ ಮಾತಾಡಿಸಿ ಕಳಿಸಿದ್ದರು. ಈಗ ಸ್ವಂತದ್ದೂ ಹೆಂಡತಿಯದ್ದೂ ಎರಡು ಮತ ಕಳೆದರೆ ಉಳಿಯುವುದು ಮೂರು. ಮೂರಕ್ಕೆ ನಾಲ್ಕು. ಗೆದ್ದವರು ಅಯೂಬ್.

ಮೋನಪ್ಪನವರು ಕಾರು ತೆಗೆದು ಬೋರ್ಡಿದ್ದ ಜಾಗಕ್ಕೇ ಹೋದರು. ಮೋಟೆಲ್ ಮಾರಿ, ಇನ್ನೂ ಉತ್ತರಕ್ಕಿರುವ ಈಗಿನ ಮನೆಗೆ ಹೋಗಿ ಐದು ವರ್ಷವಾಗಿತ್ತು. ಅದನ್ನು ಒಡೆದು ಕಟ್ಟಿದ್ದ ಬ್ಯಾಂಕಿನ ಶಾಖೆಯೂ ಮುಚ್ಚಿ, ಗಾಜಿಗೆ ಒಳಗಿನಿಂದ ಕಂದು ಕಾಗದ ಅಂಟಿಸಿದ್ದರು. ಹುಲ್ಲಿನಲ್ಲಿ ಬೋರ್ಡಿನ ಕಂಬದ ಸಿಮೆಂಟು ಬುಡ ಮಾತ್ರ ಉಳಿದಿತ್ತು. ಅವರು ಅದರ ಆಚೆ ನಿಂತು ನೋಡಿದರು, ಈಚೆ ನಿಂತು ನೋಡಿದರು. ಹೇಗೆ ನೋಡಿದರೂ ಮಲಗುವ ಕೋಣೆ ಈಚೆಗೇ ಬರುತ್ತಿತ್ತು.

ಕೊನೆಗೊಂದು ಆಸೆ ಹುಟ್ಟಿತು. ಬೈಲಾ ಬರೆದವರು ಮೈಸೂರಿನವರಲ್ಲವೇ? ಅಲ್ಲಿಂದಲೇ ಅಯೂಬರಿಗೆ ಫೋನ್ ಹಚ್ಚಿದರು.

"ಅಯೂಬ್ ಭಾಯಿ, ನಿಮ್ಮ ಮೈಸೂರಲ್ಲಿ 'ಆಚೆ' ಅಂದ್ರೆ ಎಂತ?"

"ಆಚೆ ಅಂದ್ರೆ ಹೊರಗೆ ಕಣ್ರೀ. 'ಚಪ್ಲಿ ಆಚೆ ಬಿಡು' ಅನ್ನಲ್ವಾ? ಯಾಕೆ?"

"ಎಂತ ಇಲ್ಲ" ಎಂದು ಮೋನಪ್ಪನವರು ಫೋನಿಟ್ಟರು. ಮಂಗಳೂರಿನ ಆಚೆ ಅವರನ್ನು ಈಚೆ ನಿಲ್ಲಿಸಿತ್ತು; ಮೈಸೂರಿನ ಆಚೆ ಚಪ್ಪಲಿಯ ಜೊತೆ ಹೊರಗೇ ಬಿಟ್ಟಿತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದರು. ಸ್ವರ್ಣಲತಾ ಬೀನ್ಸ್ ಹೆಚ್ಚುತ್ತಿದ್ದರು.

"ನಿಮಗೆ ಬೇರೆ ಕೆಲಸ ಇಲ್ವಾ ಮಾರಾಯ್ರೆ? ಸುಮ್ಮನೆ ಶಾಲು ಹೊದ್ದುಕೊಂಡು ಬನ್ನಿ."

"ಹೊದಿಸುವವರೇ ಅವರಲ್ವಾ ಮಾರಾಯ್ತಿ! ಅವರ ಶಾಲನ್ನು ಅವರ ಕೈಯಿಂದಲೇ ಹೊದ್ದುಕೊಳ್ಳುವುದು ಹೇಗೆ? ಇವತ್ತೇ ಹೋಗಿ ಹೇಳಿಬಿಡ್ತೇನೆ."

ಸ್ವರ್ಣಲತಾ ಚಾಕು ಕೆಳಗಿಟ್ಟರು. "ಹಾಗಾದ್ರೆ ಆ ಪಾತ್ರೆಯನ್ನೂ ಕಾರಿಗೆ ಹಾಕಿ. ಗೆದ್ದವರ ಮನೆಯಲ್ಲಲ್ವಾ ಅದು ಇರಬೇಕಾದ್ದು?" ಎಂದವರು, ಗಂಡ ಚಪ್ಪಲಿ ಹಾಕುವಷ್ಟರಲ್ಲಿ ಪಾತ್ರೆಯ ಒಂದು ಕಿವಿ ಹಿಡಿದು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದರು.

ಅಯೂಬರ ಮನೆಯಲ್ಲಿ ಅವರ ಹೆಂಡತಿ ಸಯೀದಾ ಚಹಾ, ಬಿಸ್ಕತ್ತು ತಂದಿಟ್ಟರು. ಮೋನಪ್ಪನವರು ತಟ್ಟೆಯಿಂದ ಒಂಬತ್ತು ಬಿಸ್ಕತ್ತು ತೆಗೆದು ಮೇಜಿನ ಮೇಲೆ ಐದು, ನಾಲ್ಕು ಎಂದು ಜೋಡಿಸಿದರು. ಬೈಲಾ ಓದಿ ಹೇಳಿದರು. ಆಮೇಲೆ ತಮ್ಮ ಸಾಲಿನಿಂದ ಎರಡು ಬಿಸ್ಕತ್ತು ತೆಗೆದು ತಟ್ಟೆಗೆ ಹಾಕಿ, "ಗೆದ್ದದ್ದು ನೀವು ಭಾಯಿ. ಹದಿನೈದು ವರ್ಷ ತಡವಾಯ್ತು" ಎಂದರು.

ಅಯೂಬ್ ಬಿಸ್ಕತ್ತುಗಳನ್ನೇ ನೋಡುತ್ತ ಕುಳಿತರು. ಮೆಲ್ಲಗೆ ಎದ್ದು ಸ್ವೆಟರ್ ಜಗ್ಗಿ ಸರಿಮಾಡಿಕೊಂಡರು.

"ಸಯೀದಾ, ಕೇಳಿದ್ಯಾ? ನಾನ್ ಗೆದ್ದಿದ್ದೆ! ಅವತ್ತೇ ಹೇಳಿದ್ನಲ್ಲ, ಎಲ್ಲೋ ಏನೋ ಎಡವಟ್ಟಾಗಿದೆ ಅಂತ?"

"ಮುಬಾರಕ್" ಎಂದರು ಸಯೀದಾ. ಅವರ ಕಣ್ಣು ಬಾಗಿಲ ಬಳಿಯೇ ಇತ್ತು. "ಸ್ವರ್ಣಕ್ಕ, ಆ ಪಾತ್ರೆ ಯಾಕೆ ತಂದ್ರಿ?"

"ಗೆದ್ದವರದ್ದಲ್ವಾ ಸಯೀದಾ."

"ಅಯ್ಯೋ ಬೇಡ ಬೇಡ! ರೀ, ಇನ್ನೊಂದ್ಸಲ ಎಣಿಸಿ ನೋಡಿ. ಬಿಸ್ಕತ್ ಲೆಕ್ಕ ಎಲ್ಲಾದ್ರೂ ನಂಬಕ್ಕಾಗುತ್ತಾ?"

ಅಯೂಬರಿಗೆ ಇದಾವುದೂ ಕೇಳಿಸಲಿಲ್ಲ. ಸನ್ಮಾನ ಅದಲುಬದಲಾಗುವುದಾದರೆ ಶಾಲು ಯಾವ ಬಣ್ಣದ್ದಿರಬೇಕು ಎಂಬಲ್ಲಿಗೆ ಅವರು ತಲುಪಿದ್ದರು. ಮೋನಪ್ಪನವರು ನಗಲು ನೋಡಿದರು. ನಗು ಮೀಸೆಯ ತನಕ ಬಂದು ನಿಂತಿತು. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಮೋಟೆಲಿನ ಕೀಲಿ ಹೊಸ ಮಾಲೀಕನಿಗೆ ಕೊಟ್ಟ ದಿನ ಕುಳಿತಿದ್ದಂತೆಯೇ ಕುಳಿತಿದ್ದರು.

ಸ್ವರ್ಣಲತಾ ಗಂಡನನ್ನು ನೋಡಿದರು. ಬಾಗಿಲ ಬಳಿಯ ಪಾತ್ರೆಯನ್ನು ನೋಡಿದರು. ಪಾತ್ರೆಯನ್ನೇ ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಆಮೇಲೆ ಒಂದು ಉಸಿರು ಬಿಟ್ಟರು.

"ಲೆಕ್ಕ ತಪ್ಪುಂಟು" ಎಂದರು. "ನಾನು ಆವತ್ತು ಇವರಿಗೆ ಓಟು ಹಾಕಿದ್ದೇ ಅಲ್ಲ. ಅಯೂಬ್ ಭಾಯಿಗೆ ಹಾಕಿದ್ದು."

ಸ್ವರ್ಣಲತಾ ತಟ್ಟೆಯಿಂದ ಒಂದು ಬಿಸ್ಕತ್ತು ಎತ್ತಿ ಗಂಡನ ಸಾಲಿಗೆ ವಾಪಸು ಇಟ್ಟು, ಅಯೂಬರ ಸಾಲಿನಿಂದ ಒಂದನ್ನು ತೆಗೆದರು. ನಾಲ್ಕಕ್ಕೆ ಮೂರು.

"ಅಂದ್ರೆ," ಅಯೂಬ್ ಮತ್ತೆ ಕುಳಿತರು, "ನೀವು ನನಗೇ ಹಾಕಿ ನನ್ನೇ ಸೋಲಿಸಿಬಿಟ್ರಲ್ಲಾ ಸ್ವರ್ಣಕ್ಕ! ಐದ್ ನಿಮಿಷಾನಾದ್ರೂ ಗೆದ್ದಿದ್ದೆ." ಅವರಿಗೆ ನಗು ತಡೆಯಲಾಗಲಿಲ್ಲ. ಸೋತ ಬಿಸ್ಕತ್ತುಗಳಲ್ಲಿ ಒಂದನ್ನು ಎತ್ತಿ ಚಹಾಕ್ಕೆ ಅದ್ದಿದರು. "ಹೋಗ್ಲಿ ಬಿಡಿ. ಶಾಲು ನಾನೇ ಹೊದಿಸ್ತೀನಿ. ಸ್ವಲ್ಪ ಬಿಗಿಯಾಗೇ ಹೊದಿಸ್ತೀನಿ."

ಮೋನಪ್ಪನವರು ಮಾತ್ರ ಬೆರಳು ಮಡಿಸುತ್ತಿದ್ದರು. "ಹಾಗಾದ್ರೆ... ಐದು ಬಿದ್ದದ್ದಂತೂ ಹೌದು. ಇವಳದ್ದಲ್ಲದಿದ್ರೆ ನನ್ನ ಐದನೇ ಓಟು ಯಾರದ್ದು?"

"ಚಾಯ್ ಆರಿಹೋಯ್ತು, ಬಿಸಿ ಮಾಡ್ಕೊಂಡ್ ಬರ್ತೀನಿ" ಎಂದು ಸಯೀದಾ ಹಬೆಯಾಡುತ್ತಿದ್ದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಹಿಂದಿರುಗುವಾಗ ಪಾತ್ರೆ ಮತ್ತೆ ಕಾರಿನ ಡಿಕ್ಕಿಯಲ್ಲಿತ್ತು. ಗೆದ್ದ ಮೋನಪ್ಪನವರು ಸೋತವರಂತೆ ಡ್ರೈವ್ ಮಾಡುತ್ತಿದ್ದರು. ಸಿಗ್ನಲ್ ಕೆಂಪಾಯಿತು.

"ನನಗೆ ಯಾಕೆ ಹಾಕ್ಲಿಲ್ಲ ನೀನು?"

"ಆ ಪಾತ್ರೆ ಒಮ್ಮೆ ಮನೆಯಿಂದ ಹೋಗ್ಲಿ ಅಂತ. ಎಂಟು ವರ್ಷ ಉಜ್ಜಿ ಆಗಿತ್ತು."

"ಅದಿರಲಿ. ಆ ಐದನೆಯವರು ಯಾರು?"

ಸ್ವರ್ಣಲತಾ ಕಿಟಕಿಯ ಕಡೆ ತಿರುಗಿದರು. "ಆ ಪಾತ್ರೆಗೆ ಹೆದರಿದವರು ಊರಲ್ಲಿ ಇಬ್ಬರೇ ಇದ್ದದ್ದು ಮಾರಾಯ್ರೆ. ಒಬ್ಬಳು ಇಲ್ಲಿ ಕೂತಿದ್ದೇನೆ."

ಸಿಗ್ನಲ್ ಹಸಿರಾಯಿತು. ಕಾರು ಹೊರಡಲಿಲ್ಲ. ಹಿಂದಿನವನು ಒಮ್ಮೆ ಹಾರ್ನ್ ಹಾಕಿದ, ಎರಡನೆಯ ಸಲ ಉದ್ದವಾಗಿ ಹಾಕಿದ. "ಓ!" ಎಂದು ಮೋನಪ್ಪನವರು ಒಮ್ಮೆಲೇ ಕಾರು ಮುಂದಕ್ಕೆ ಬಿಟ್ಟರು. ಡಿಕ್ಕಿಯಲ್ಲಿ ಪಾತ್ರೆಯ ಮುಚ್ಚಳ ಢಣ್ಣೆಂದಿತು.