ರಸಬಾಳೆಯ ಚೀಲಕ್ಕೆ ಕೈ ಹಾಕಿದವರು

ಬೊಂಬಾಯಿಗೆ ಹೊರಟ ವಿಮಾನದಲ್ಲಿ ಪಕ್ಕದ ಸೀಟಿನ ಹಿರಿಯರು ನನ್ನ ತೊಡೆಯ ಮೇಲಿದ್ದ ಚೀಲಕ್ಕೆ ಸೀದಾ ಕೈ ಹಾಕಿಬಿಟ್ಟರು. ಒಳಗಿದ್ದದ್ದು ಮಾವನಿಗೆಂದು ನಂಜನಗೂಡಿನಿಂದ ಒಯ್ಯುತ್ತಿದ್ದ ರಸಬಾಳೆ. ಹತ್ತಿದಾಗಿನಿಂದಲೂ ಅವರ ಕಣ್ಣು ಅದರ ಮೇಲೇ ಇತ್ತು. ಹುಲ್ಲಹಳ್ಳಿ ಬಸ್ಸಿನ ನೂಕುನುಗ್ಗಲಿನಲ್ಲಿ ಪಳಗಿದ ನಾನು ಚೀಲವನ್ನು ಕೂಸಿನಂತೆ ಅವಚಿಕೊಂಡು ಗದರಿದೆ: "ಕೈ ತೆಗೀರಿ ಸಾ! ನೋಡೋಕೆ ದೊಡ್ ಮನುಷ್ಯರಂಗಿದ್ದೀರ, ಬಾಳೆಹಣ್ಣು ಕದೀತೀರಲ್ಲ!"

ಅವರ ಕೈ ಗಡಗಡ ನಡುಗುತ್ತಿತ್ತು. "ಸಕ್ಕರೆ ಕಾಯಿಲೆ ಕಣಪ್ಪಾ. ಇಂಜೆಕ್ಷನ್ ತಗೊಂಡು ಊಟ ಬಿಟ್ಬಿಟ್ಟೆ, ಮೈಯಲ್ಲಿ ಸಕ್ಕರೆ ಇಳಿದ್ಬಿಟ್ಟದೆ. ಸಿಹಿ ಏನಾರ ಕೊಡು, ಜೀವ ಹೋಗ್ತದೆ" ಎಂದರು.

ನಾನು ಕೂಗಿದ್ದಕ್ಕೆ ಗಗನಸಖಿ ಓಡಿ ತಂದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಇದ್ದದ್ದು ಹತ್ತಿ, ಬ್ಯಾಂಡೇಜು ಅಷ್ಟೇ. ಆಕೆ ಸಕ್ಕರೆ ತರಲು ತಿರುಗುವಷ್ಟರಲ್ಲಿ ನಾನು ಹಣ್ಣು ಸುಲಿದೆ. ಗಾಬರಿಯಲ್ಲಿ ಮೊದಲನೆಯದನ್ನು ನನ್ನ ಬಾಯಿಗೇ ಇಟ್ಟುಕೊಂಡೆ! ಉಳಿದವು ಅವರಿಗೆ ಹೋದವು. ನಿಧಾನವಾಗಿ ನಡುಕ ನಿಂತಿತು.

ಈಗ ಯಾರಾದರೂ ನನ್ನ ಚೀಲ ದಿಟ್ಟಿಸಿದರೆ, ಮೊದಲು "ಊಟ ಆಯ್ತಾ ಸಾ?" ಎಂದು ಕೇಳುತ್ತೇನೆ. ಅನುಮಾನಪಡುವುದು ಆಮೇಲೆ.